ಅಚ್ಚು ಹಿಡಿಯುವ ಕೈ

ಇಲ್ಲದ ಉಸಾಬರಿಯನ್ನು ಮೈಮೇಲೆ ಎಳೆದುಕೊಳ್ಳುವುದರಲ್ಲಿ ತುಂಗಾ ಟೀಚರನ್ನು ಮೀರಿಸುವವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಸಮಾಜ ವಿಜ್ಞಾನದ ಪಾಠದಲ್ಲಿ ಕಂಪನಿ ಕಾಲದ ರೂಪಾಯಿಯ ಬಗ್ಗೆ ಇದ್ದದ್ದು ಎರಡೇ ಸಾಲು. ಬೇರೆಯವರಾದರೆ ಆ ಎರಡು ಸಾಲಿನ ಅಡಿಗೆ ಗೆರೆ ಎಳೆಸಿ, ಪರೀಕ್ಷೆಗೆ ಬರಬಹುದು ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದರು. ತುಂಗಾ ಮಾತ್ರ, ಶುಕ್ರವಾರದ ವಸ್ತುಪ್ರದರ್ಶನದಲ್ಲಿ ಮಕ್ಕಳ ಕಣ್ಣೆದುರಿಗೇ ಬೆಳ್ಳಿಯ ರೂಪಾಯಿ ಹೊಡೆಸಿ ತೋರಿಸುತ್ತೇನೆ ಎಂದು ಹೆಡ್ಮಾಸ್ಟರರ ಎದುರು ಹೇಳಿಬಿಟ್ಟಳು. ಹೇಳಿದ ಮೇಲೆ ಬಿಡುವ ಹೆಂಗಸಲ್ಲ. ನಾಲ್ಕು ದಿನ ಕೂತು ದೊಡ್ಡ ಚಾರ್ಟು ಬರೆದಳು.

ಕಂಪನಿಯವರ ಮೊದಮೊದಲ ರೂಪಾಯಿಗೆ ಯಂತ್ರವಿರಲಿಲ್ಲ ಎಂದು ಆ ಚಾರ್ಟಿನಲ್ಲಿತ್ತು. ಬೆಳ್ಳಿ ಕರಗಿಸಿ ಸರಳು ಎರೆಯುತ್ತಿದ್ದರು. ಸರಳನ್ನು ತುಂಡು ಮಾಡಿ ತೂಗುತ್ತಿದ್ದರು, ತೂಕ ಹೆಚ್ಚಾದರೆ ಅಂಚು ಕತ್ತರಿಸುತ್ತಿದ್ದರು. ತಟ್ಟಿ ಬಿಲ್ಲೆ ಮಾಡಿ, ಹುಣಸೆಹುಳಿಯ ನೀರಿನಲ್ಲಿ ಕುದಿಸಿ ಬೆಳ್ಳಗೆ ಮಾಡುತ್ತಿದ್ದರು. ಆಮೇಲೆ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬಿಲ್ಲೆ. ಒಬ್ಬ ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿಯಬೇಕು, ಇನ್ನೊಬ್ಬ ಸುತ್ತಿಗೆ ಎತ್ತಿ ಹೊಡೆಯಬೇಕು. ಅಚ್ಚು ಬಿಲ್ಲೆಗಿಂತ ಅಗಲ ಇರುತ್ತಿದ್ದುದರಿಂದ ಬರಹದ ಒಂದಿಷ್ಟು ಭಾಗ ಮಾತ್ರ ನಾಣ್ಯಕ್ಕೆ ಬೀಳುತ್ತಿತ್ತು, ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಹೆಸರು ಮಾತ್ರ ದೆಹಲಿಯ ಬಾದಶಹನದೇ. ಜನ ಹೊಸ ಹೆಸರನ್ನು ನಂಬುವುದಿಲ್ಲ ಎಂದು ಕಂಪನಿಗೆ ಚೆನ್ನಾಗಿ ಗೊತ್ತಿತ್ತು.

ಮಾದರಿಗೆ ಒಂದು ಅಸಲಿ ನಾಣ್ಯ ಬೇಕಾಯಿತು. ಅದನ್ನು ಕೊಟ್ಟವಳು ಶಾಲೆಯಲ್ಲಿ ಬಿಸಿಯೂಟ ಮಾಡುವ ಸೇಸಮ್ಮ.

ಅಳದಂಗಡಿಯಿಂದ ಒಳಗೆ ಗುಡ್ಡದ ಬದಿಯಲ್ಲಿ ಸೇಸಮ್ಮನ ಮನೆ. ಮನೆಯ ದೈವದ ಕೋಣೆಯಲ್ಲಿ, ತಾಮ್ರದ ಕರಡಿಗೆಯೊಳಗೆ, ಆ ಕಾಲದ ಒಂದು ರೂಪಾಯಿ ಇತ್ತು. ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಸೇವೆ ಕೊಡುವ ದಿನ ಅದು ಹೊರಗೆ ಬಂದು ಬಾಳೆಲೆಯ ಮೇಲೆ ಕೂರುತ್ತಿತ್ತು. ಆ ಮನೆಯಲ್ಲಿ ಯಾರು ಯಾರಿಗೆ ಮಾತು ಕೊಡುವುದಿದ್ದರೂ ಅದನ್ನು ಅಂಗೈಯಲ್ಲಿ ಹಿಡಿದೇ ಕೊಡಬೇಕು. ಹಾಗೆ ಕೊಟ್ಟ ಮಾತನ್ನು ಈವರೆಗೆ ಯಾರೂ ಮುರಿದಿಲ್ಲವಂತೆ.

ಈ ಸಲ ಅಂಥದೊಂದು ಮಾತು ಬಾಕಿ ಇತ್ತು. ಸೇಸಮ್ಮನ ದೊಡ್ಡ ಮಗ ವಸಂತ ಮೂರು ವರ್ಷದ ಹಿಂದೆ ಮನೆಯ ದಾರಿಗೆ ಸಂಕಲೆ ಹಾಕಿ ಬೀಗ ಜಡಿದಿದ್ದ. ಆಚೆ ಬದಿಯಲ್ಲಿ ಮನೆ ಕಟ್ಟಲು ಹೊರಟಿದ್ದ ತಮ್ಮ ನಿತೇಶ್ ಸಿಟ್ಟಿನಲ್ಲಿ ವಕೀಲರ ನೋಟೀಸು ಕಳಿಸಿ, ಹೆಂಡತಿಯನ್ನು ಕರೆದುಕೊಂಡು ಫರಂಗಿಪೇಟೆಯ ಬಾಡಿಗೆ ಮನೆಗೆ ಹೋಗಿದ್ದ. ಅಂದಿನಿಂದ ಅಣ್ಣ ತಮ್ಮ ಮಾತಿಲ್ಲ. ಸೇಸಮ್ಮ ಅತ್ತು, ಬೈದು, ಎರಡು ಹೊತ್ತು ಊಟ ಬಿಟ್ಟು, ಅಂತೂ ಇಬ್ಬರನ್ನೂ ಒಪ್ಪಿಸಿದ್ದಳು. ಮಂಗಳವಾರದ ತಂಬಿಲದಲ್ಲಿ ವಸಂತ ನಾಣ್ಯ ಹಿಡಿದು ದಾರಿ ಬಿಡುತ್ತೇನೆ ಎನ್ನಬೇಕು, ನಿತೇಶ್ ನಾಣ್ಯ ಹಿಡಿದು ಕೋರ್ಟಿಗೆ ಹೋಗುವುದಿಲ್ಲ ಎನ್ನಬೇಕು.

"ಸೋಮವಾರ ನನ್ನ ಕೈಗೆ ಕೊಟ್ರೆ ಆಯ್ತು ಟೀಚರೇ," ಎಂದಿದ್ದಳು ಸೇಸಮ್ಮ, ವೀಳ್ಯದೆಲೆಯಲ್ಲಿ ಸುತ್ತಿದ ನಾಣ್ಯವನ್ನು ಅನ್ನದ ಹಂಡೆಯ ಪಕ್ಕದಲ್ಲೇ ನಿಂತು ಕೊಡುತ್ತಾ. "ನಿಮಗೆ ಅಂತ ಕೊಡುವುದು. ಆದ್ರೆ ತೊಳೀಬೇಡಿ. ನಮ್ಮ ಅತ್ತೆ, ಅವರ ಅತ್ತೆ, ಎಲ್ಲರ ಕೈಯ ಎಣ್ಣೆ ಅದರಲ್ಲಿ ಉಂಟು."

ತುಂಗಾ ಅದನ್ನು ತಾನೇ ತೆಗೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಮೂಡಬಿದಿರೆಯ ಮನೆಯಿಂದ ದಿನಾ ಬಂಟ್ವಾಳದ ಕಚೇರಿಗೆ ಹೋಗಿಬರುವ ಗಂಡ ಹರಿಪ್ರಸಾದನ ಕೈಯಲ್ಲಿ ಅಲ್ಲಿನ ಪೇಟೆಯ ಅಕ್ಕಸಾಲಿ ಧರ್ಣಪ್ಪ ಆಚಾರಿಯ ಅಂಗಡಿಗೆ ಕಳಿಸಿದಳು. ನಾಣ್ಯ, ಅಚ್ಚಿನ ಪೂರ್ತಿ ಬರಹ ಇರುವ ಒಂದು ಹಾಳೆ, ಶುಕ್ರವಾರಕ್ಕೆ ಮೊದಲು ಒಂದು ಹೊಸ ನಾಣ್ಯ ಹೊಡೆದು ನೋಡಲು ಬೆಳ್ಳಿ ಎಂದು ತನ್ನ ತಾಯಿಯ ನಜ್ಜುಗುಜ್ಜಾದ ಕುಂಕುಮದ ಭರಣಿ. ಹರಿಪ್ರಸಾದ ಒಳ್ಳೆಯ ಮನುಷ್ಯ. ಆದರೆ ಹತ್ತು ಮಾತು ಹೇಳಿ ಕಳಿಸಿದರೆ ಅವನು ಮುಟ್ಟಿಸುವುದು ಮೂರು.

ಭಾನುವಾರ ಸಂಜೆ ಆಚಾರಿ ಕೊಟ್ಟ ಪೊಟ್ಟಣ ಮನೆಗೆ ಬಂತು. ಮನೆ ತುಂಬ ನೆಂಟರಿದ್ದುದರಿಂದ ತುಂಗಾ ಅದನ್ನು ಬಿಚ್ಚಿದ್ದು ಸೋಮವಾರ ಬೆಳಿಗ್ಗೆ, ದೋಸೆ ಕಾವಲಿ ಒಲೆಯ ಮೇಲಿರುವಾಗ.

ಒಳಗೆ ಎರಡು ರೂಪಾಯಿಗಳಿದ್ದವು. ಎರಡೂ ತೊಳೆದ ಅಕ್ಕಿಯ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು.

ಆಚಾರಿ ಹಳೆಯದನ್ನೂ ತೊಳೆದುಬಿಟ್ಟಿದ್ದಾರೆ! ಸೇಸಮ್ಮನಿಗೆ ಏನು ಹೇಳುವುದು? ಬೇಡವೆಂದು ಹೇಳಿದ್ದ ಒಂದೇ ಒಂದು ಕೆಲಸ ಅದು. ಕಾವಲಿಯ ಮೇಲೆ ದೋಸೆ ಕರಟಿ ಹೊಗೆ ಬಂತು. ಗ್ಯಾಸು ಆರಿಸಿ, ಕಿಟಕಿಯ ಬೆಳಕಿಗೆ ಹೋಗಿ, ಎರಡರಲ್ಲಿ ಹಳೆಯದು ಯಾವುದೆಂದು ನೋಡಿದಳು. ಮೊಬೈಲಿನಲ್ಲಿ ಆ ನಾಣ್ಯದ ಫೋಟೋ ಇತ್ತು. ಅದರ ಅಂಚಿನ ಹತ್ತಿರ ಅಕ್ಕಿಕಾಳಿನಷ್ಟು ಒಂದು ಕುತ್ತಿದ ಗುರುತು. ಬೆಳ್ಳಿ ಅಸಲಿಯೋ ಅಲ್ಲವೋ ಎಂದು ಹಿಂದಿನ ಸರಾಫರು ಉಳಿಯಿಂದ ಕುತ್ತಿ ನೋಡುತ್ತಿದ್ದ ಗಾಯ ಅದು.

ಮೊದಲನೆಯದರಲ್ಲಿ ಅಂಥ ಗಾಯ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ.

ಫೋಟೋದ ನಾಣ್ಯದಲ್ಲಿ ಬರಹದ ಬಲಭಾಗ ಬಿದ್ದಿತ್ತು. ಇವುಗಳಲ್ಲಿ ಒಂದಕ್ಕೆ ಎಡಭಾಗ ಬಿದ್ದಿದೆ, ಇನ್ನೊಂದಕ್ಕೆ ಕೆಳಭಾಗ. ಚಾರ್ಟು ಬರೆದವಳೇ ಅವಳು, ಇದರ ಅರ್ಥ ಅವಳಿಗೆ ಇನ್ಯಾರೂ ಹೇಳಬೇಕಾಗಿರಲಿಲ್ಲ. ಎರಡೂ ಹೊಸದಾಗಿ ಹೊಡೆದವು. ಸೇಸಮ್ಮನ ನಾಣ್ಯ ಇದರಲ್ಲಿ ಇಲ್ಲವೇ ಇಲ್ಲ. ಪೊಟ್ಟಣದ ತಳದಲ್ಲಿ ಸಣ್ಣ ಕಾಗದದ ಮಡಿಕೆಯೊಂದು ಸಿಕ್ಕಿತು. ಬಿಚ್ಚಿದರೆ ಸಾಸಿವೆಗಿಂತ ಸಣ್ಣ ಬೆಳ್ಳಿಯ ಹರಳು, ಸ್ವಲ್ಪ ಕಪ್ಪು ಪುಡಿ.

"ಆಚಾರಿಗಳ ಹತ್ರ ಎಂತ ಹೇಳಿದ್ರಿ ನೀವು?" ಎಂದು ಗಂಡನನ್ನು ಹಿಡಿದಳು.

ಹರಿಪ್ರಸಾದ ಶೂ ಹಾಕುತ್ತಿದ್ದವನು ತಲೆ ಎತ್ತಿದ. "ನೀನು ಹೇಳಿದ್ದೇ ಹೇಳಿದೆ. ಇದು ದೈವದ್ದು, ಇದು ಬೆಳ್ಳಿ, ಹೀಗೆಯೇ ಹೊಸತು ಮಾಡಬೇಕಂತೆ, ಅಂತ."

"ಅಷ್ಟೇಯಾ?"

"ಮತ್ತೆಂತ ಉಂಟು?"

ಅವನ ಜೊತೆ ಜಗಳಾಡಲು ಹೊತ್ತಿರಲಿಲ್ಲ. ಶಾಲೆಗೆ ಫೋನು ಮಾಡಿ ರಜೆ ಹೇಳಿ, ಸಿದ್ಧಕಟ್ಟೆಯ ಮೇಲಿನ ಬಂಟ್ವಾಳದ ಬಸ್ಸು ಹತ್ತಿದಳು. ಹರಿಪ್ರಸಾದ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದ. ಅವನಿಗೂ ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿತ್ತು. ಬಸ್ಸು ಪ್ರತಿ ಕಟ್ಟೆಯಲ್ಲೂ ನಿಂತಿತು, ಪ್ರತಿ ಸಲವೂ ತುಂಗಾ ಮನಸ್ಸಿನಲ್ಲೇ ಡ್ರೈವರನಿಗೆ ಬೈದಳು. ಆಚಾರಿ ನಾಣ್ಯವನ್ನು ಇಟ್ಟುಕೊಂಡಿರಬಹುದೇ? ಹಳೆಯ ನಾಣ್ಯ ಕೊಳ್ಳುವವರು ಎಲ್ಲ ಕಡೆ ಇದ್ದಾರೆ, ಮಾರಿಬಿಟ್ಟಿದ್ದರೆ? ಮೂವತ್ತು ವರ್ಷದಿಂದ ಪರಿಚಯದ ಮನುಷ್ಯ, ತನ್ನ ತಾಳಿ ಮಾಡಿಕೊಟ್ಟವರು. ಅವರನ್ನು ಸಂಶಯಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಸಂಶಯ ಹೋಗಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಸೇಸಮ್ಮ.

"ಟೀಚರೇ, ನಾಳೆಯ ಕೆಲಸಕ್ಕೆ ನಾನು ಇವತ್ತು ಶಾಲೆಗೆ ರಜೆ. ಮಧ್ಯಾಹ್ನ ವಸಂತನನ್ನು ನಿಮ್ಮ ಹತ್ರ ಕಳಿಸ್ಲಾ? ನಾಣ್ಯ ಇವತ್ತು ಸಿಗ್ತದಲ್ಲ?"

"ಸಿಗ್ತದೆ ಸೇಸಮ್ಮಕ್ಕ," ಎಂದಳು ತುಂಗಾ.

ಧರ್ಣಪ್ಪ ಆಚಾರಿಯ ಅಂಗಡಿ ಬಂಟ್ವಾಳದ ಹಳೆಯ ಪೇಟೆಯಲ್ಲಿ, ನದಿಯ ಕಡೆಗೆ ಇಳಿಯುವ ಓಣಿಯ ಬಾಯಲ್ಲಿ. ಎಪ್ಪತ್ತು ದಾಟಿದ ಆಚಾರಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮೂಗುತಿಯೊಂದನ್ನು ಬೆಸೆಯುತ್ತಿದ್ದರು. ಅವರ ಎಡಗೈಯ ಹೆಬ್ಬೆರಳು ಗಂಟಿನಿಂದ ಮೇಲೆ ಪಕ್ಕಕ್ಕೆ ವಾಲಿತ್ತು.

ತುಂಗಾ ಎರಡು ನಾಣ್ಯಗಳನ್ನೂ ಗಾಜಿನ ಮೇಲೆ ಇಟ್ಟಳು. "ಆಚಾರ್ರೇ, ಹಳೆಯದು ಎಲ್ಲಿ?"

ಆಚಾರಿ ಮಸೂರ ತೆಗೆದು, ಈ ಪ್ರಶ್ನೆಯೇ ಅರ್ಥವಾಗದವರ ಹಾಗೆ ನೋಡಿದರು. "ಅದರಲ್ಲೇ ಉಂಟಲ್ಲ."

"ಯಾವುದರಲ್ಲಿ?"

"ಎರಡರಲ್ಲೂ."

ಆಚಾರಿಯ ಲೆಕ್ಕ ನೇರವಾಗಿತ್ತು. ದೈವದ ಬೆಳ್ಳಿ ಸವೆದರೆ ಅದನ್ನು ಕರಗಿಸಿ, ಹೊಸ ಬೆಳ್ಳಿ ಸೇರಿಸಿ, ಮೊದಲಿನ ಹಾಗೆಯೇ ಮಾಡಿಕೊಡುವುದು ಅವರ ತಂದೆಯ ಕಾಲದಿಂದ ನಡೆದು ಬಂದ ಕೆಲಸ. ಹಳೆಯದು ಹೊಸದರ ಒಳಗೆ ಹೋಗಲೇಬೇಕು, ಇಲ್ಲದಿದ್ದರೆ ದೈವ ಅದನ್ನು ತನ್ನದೆಂದು ಒಪ್ಪುವುದಿಲ್ಲ. ಒಂದು ಚೂರೂ ಅಂಗಡಿಯಲ್ಲಿ ಉಳಿಯಬಾರದು, ಕರಗಿಸುವ ಮೂಸೆಗೆ ಅಂಟಿದ್ದನ್ನೂ ಕೆರೆದು ವಾಪಸು ಕೊಡಬೇಕು. ಹಾಗಾಗಿ ಆ ಕಾಗದದ ಮಡಿಕೆ. ಯಜಮಾನರು ಬಂದು ಇದು ದೈವದ್ದು, ಇದು ಬೆಳ್ಳಿ, ಹೊಸತು ಮಾಡಬೇಕು ಎಂದರು. ಆಚಾರಿ ಮೇಣದ ಮೇಲೆ ನಾಣ್ಯ ಒತ್ತಿ ಅಳತೆ ಹಿಡಿದು, ಹಾಳೆ ನೋಡಿ ಅಚ್ಚು ಕೊರೆದು, ನಾಣ್ಯವನ್ನೂ ಭರಣಿಯನ್ನೂ ಒಂದೇ ಮೂಸೆಗೆ ಹಾಕಿದರು. ಭರಣಿಯ ತೂಕವೂ ಸುಮಾರು ಒಂದು ತೊಲ ಬಂತು. ಉಳಿಸಿಕೊಳ್ಳುವಂತಿಲ್ಲ, ಎರಡು ಹೊಡೆದರು.

ತುಂಗಾ ಅಲ್ಲೇ ಸ್ಟೂಲಿನ ಮೇಲೆ ಕೂತಳು. "ಅದು ಸೇಸಮ್ಮನದ್ದು ಆಚಾರ್ರೇ. ನನ್ನದಲ್ಲ. ಬರೀ ಮಾದರಿಗೆ ತಂದದ್ದು. ನಾಳೆ ಅವರ ಮಕ್ಕಳು ಅದನ್ನು ಹಿಡಿದು ರಾಜಿ ಆಗಬೇಕು."

ಹರಿಪ್ರಸಾದ ಬಾಗಿಲಲ್ಲಿ ನಿಂತವನು, "ಛೇ," ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ತಪ್ಪು ನನ್ನದು. ನಾನು ಸರಿಯಾಗಿ ಹೇಳ್ಲಿಲ್ಲ."

ಆಚಾರಿಯ ಮುಖ ಕಪ್ಪಿಟ್ಟಿತು. ಬೆಸೆಯುತ್ತಿದ್ದ ಮೂಗುತಿಯನ್ನು ಬದಿಗಿಟ್ಟರು. ಆಮೇಲೆ ಧ್ವನಿ ತಗ್ಗಿಸಿ ಹೇಳಿದರು. "ನಿಮ್ಮ ಫೋನಿನಲ್ಲಿ ಹಳೆಯದರ ಫೋಟೋ ಉಂಟಲ್ಲ? ಅಚ್ಚು ನನ್ನ ಹತ್ರ ಉಂಟು. ಇದರಲ್ಲಿ ಒಂದನ್ನು ಕರಗಿಸಿ, ಬರಹದ ಬಲಭಾಗ ಬೀಳುವ ಹಾಗೆ ಹೊಡೆಯುವ. ಆ ಗುರುತು ಉಳಿಯಿಂದ ಹಾಕುವ. ಗಂಧಕದ ಹೊಗೆ ಹಿಡಿಸಿದ್ರೆ ಹತ್ತು ನಿಮಿಷದಲ್ಲಿ ಇನ್ನೂರು ವರ್ಷ ಹಳೆಯದಾಗ್ತದೆ. ಸ್ವಲ್ಪ ಎಣ್ಣೆ ಸವರಿದ್ರೆ ಮುಗೀತು. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಟೀಚರೇ."

ಯಾರಿಗೂ ಗೊತ್ತಾಗುವುದಿಲ್ಲ. ಎಷ್ಟು ಹಗುರವಾದ ಮಾತು! ತುಂಗಾಳ ಉಸಿರು ಒಮ್ಮೆಗೆ ಸಡಿಲವಾಯಿತು. ಬೆಳ್ಳಿಯೇನೋ ಅದೇ ತಾನೇ, ಅರ್ಧವಾದರೂ ಅದೇ. ಸೇಸಮ್ಮನಿಗೆ ಸಂಕಟ ತಪ್ಪುತ್ತದೆ, ರಾಜಿ ನಡೆಯುತ್ತದೆ, ತನ್ನ ಮರ್ಯಾದೆ ಉಳಿಯುತ್ತದೆ. ಸುಳ್ಳು ಹೇಳಬೇಡಿ ಎಂದು ಇಪ್ಪತ್ತಾರು ವರ್ಷ ಮಕ್ಕಳ ಕಿವಿ ಹಿಂಡಿದವಳು, ಮೊಬೈಲು ತೆರೆದು ಫೋಟೋವನ್ನು ಆಚಾರಿಯ ಮುಂದೆ ಹಿಡಿದಳು. ಆಚಾರಿ ಅಚ್ಚಿನ ಪೆಟ್ಟಿಗೆಗೆ ಕೈ ಹಾಕಿದರು.

ಆಗ ಆ ಮೊಬೈಲೇ ಕೈಯಲ್ಲಿ ರಿಂಗಾಯಿತು. ಪರದೆಯ ಮೇಲೆ ನಾಣ್ಯ ಹೋಗಿ ಸೇಸಮ್ಮನ ಹೆಸರು ಬಂತು.

"ಟೀಚರೇ, ನಿತೇಶ ಈಗ ಫೋನು ಮಾಡಿದ." ಸೇಸಮ್ಮನ ಧ್ವನಿ ಸಣ್ಣ ಹುಡುಗಿಯ ಧ್ವನಿಯ ಹಾಗಿತ್ತು. "ನಾಳೆ ಬೆಳಿಗ್ಗೆಯೇ ಬರ್ತಾನಂತೆ. 'ಅಮ್ಮ, ಬರೀ ನೀವು ಹೇಳಿದ್ದಕ್ಕಾದ್ರೆ ನಾನು ಬರ್ತಿರ್ಲಿಲ್ಲ, ಆ ನಾಣ್ಯದ ಮೇಲೆ ಅಣ್ಣ ಸುಳ್ಳು ಹೇಳುವುದಿಲ್ಲ, ಅದಕ್ಕೆ ಬರ್ತೇನೆ' ಅಂದ. ನಿಮಗೆ ಹೇಳುವ ಅಂತ ಫೋನು ಮಾಡಿದೆ."

ತುಂಗಾ ಅಚ್ಚಿನ ಪೆಟ್ಟಿಗೆ ಮುಚ್ಚುವಂತೆ ಆಚಾರಿಗೆ ಕೈಸನ್ನೆ ಮಾಡಿದಳು. ಆ ಹುಡುಗ ಅಣ್ಣನನ್ನು ನಂಬುತ್ತಿಲ್ಲ, ತಾಯಿಯನ್ನೂ ನಂಬುತ್ತಿಲ್ಲ. ನಂಬುತ್ತಿರುವುದು ಆ ಒಂದು ನಾಣ್ಯವನ್ನು. ಅಂಥ ನಾಣ್ಯಕ್ಕೇ ಹೊಗೆ ಹಿಡಿಸಲು ತಾನು ಹೊರಟದ್ದು.

"ಸೇಸಮ್ಮಕ್ಕ," ಎಂದಳು. ಅಳು ಬಂದುಬಿಟ್ಟಿತ್ತು. "ನೀವು ಈಗಲೇ ಬಂಟ್ವಾಳಕ್ಕೆ ಬರ್ಬೇಕು. ಧರ್ಣಪ್ಪ ಆಚಾರಿಯ ಅಂಗಡಿಗೆ. ನನ್ನಿಂದ ದೊಡ್ಡ ತಪ್ಪಾಗಿದೆ."

"ನಾಣ್ಯದ್ದಾ?"

"ಹೌದು."

"ಬರ್ತೇನೆ," ಎಂದು ಸೇಸಮ್ಮ ಫೋನಿಟ್ಟಳು.

ಪುಂಜಾಲಕಟ್ಟೆ ದಾಟಿದೆವು ಎಂದು ಇನ್ನೊಂದು ಸಲ ಫೋನು ಬರುವವರೆಗೆ ತುಂಗಾ ಆ ಸ್ಟೂಲಿನಿಂದ ಏಳಲಿಲ್ಲ. ಆಚಾರಿ ತರಿಸಿದ ಚಹಾ ಗ್ಲಾಸಿನಲ್ಲೇ ಕೆನೆಗಟ್ಟಿತು. ವಸಂತನ ರಿಕ್ಷಾ ತಾಯಿಯನ್ನು ಕೂರಿಸಿಕೊಂಡು ಬಂದು ಓಣಿಯ ಬಾಯಲ್ಲಿ ನಿಂತಿತು. ಸೇಸಮ್ಮ ದಾರಿಯಲ್ಲೇ ಕಿರಿಯ ಮಗನಿಗೂ ಫೋನು ಮಾಡಿದ್ದಳು. ಎರಡು ನಿಮಿಷದಲ್ಲಿ ಫರಂಗಿಪೇಟೆಯಿಂದ ನಿತೇಶನ ಬೈಕೂ ಬಂತು. ಅಣ್ಣ ಅಂಗಡಿಯ ಬಲಗಡೆ ನಿಂತ, ತಮ್ಮ ಎಡಗಡೆ. ಇಬ್ಬರೂ ತಾಯಿಯ ಬೆನ್ನನ್ನೇ ನೋಡುತ್ತಿದ್ದರು.

ತುಂಗಾ ಎಲ್ಲವನ್ನೂ ಹೇಳಿದಳು. ಗಂಧಕದ ಹೊಗೆಯ ವಿಷಯವನ್ನೂ ಹೇಳಿದಳು, ತಾನು ಒಪ್ಪಿದ್ದನ್ನೂ ಬಿಡಲಿಲ್ಲ. ಹೇಳುವಾಗ ಸೇಸಮ್ಮನ ಮುಖ ನೋಡುವ ಧೈರ್ಯವಾಗದೆ ಅವಳ ಕೈಗಳನ್ನೇ ನೋಡಿದಳು. ದಿನಾ ನೂರಿಪ್ಪತ್ತು ಮಕ್ಕಳಿಗೆ ಅನ್ನ ಬಸಿದು ಬೆಂದ ಕೈಗಳು ಅವು.

ಸೇಸಮ್ಮ ಒಂದು ನಾಣ್ಯವನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. "ಎಣ್ಣೆಯ ವಾಸನೆ ಹೋಗಿದೆ," ಎಂದಳು. "ಹುಳಿ ವಾಸನೆ ಬರ್ತದೆ." ಕಣ್ಣಿನಿಂದ ನೀರು ಇಳಿಯಿತು. ಸೆರಗಿನಿಂದ ಒರೆಸಿಕೊಂಡು ತುಂಗಾಳ ಕಡೆ ತಿರುಗಿದಳು. "ನಂಬಿ ಕೊಟ್ಟದ್ದು ಟೀಚರೇ. ನೀವೇ ತೆಕ್ಕೊಂಡು ಹೋಗ್ಬೇಕಿತ್ತು."

"ಹೋಗ್ಬೇಕಿತ್ತು," ಎಂದಳು ತುಂಗಾ.

ಸೇಸಮ್ಮ ಆಚಾರಿಯನ್ನು ಕೇಳಿದಳು. "ದೈವದ ಬೆಳ್ಳಿ ಕರಗಿಸುವಾಗ ಮನೆಯವರು ಎದುರು ಇರ್ಬೇಕು ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತುಂಟು. ಅದು ನನ್ನ ತಪ್ಪು," ಎಂದರು ಆಚಾರಿ.

"ಹೊರಗೆ ಎಷ್ಟು ಹೋಗಿದೆ?"

ಆಚಾರಿ ಆ ಕಾಗದದ ಮಡಿಕೆಯನ್ನು ಬಿಚ್ಚಿ ಅವಳ ಮುಂದೆ ಇಟ್ಟರು. ಎರಡು ನಾಣ್ಯಗಳನ್ನೂ ಮಡಿಕೆಯನ್ನೂ ತಕ್ಕಡಿಗೆ ಹಾಕಿ, ಮೊದಲು ಬರೆದಿಟ್ಟಿದ್ದ ತೂಕವನ್ನು ಚೀಟಿಯಲ್ಲಿ ತೋರಿಸಿದರು. ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಿರಲಿಲ್ಲ.

"ಹಾಗಾದ್ರೆ ಆಳಿಗೊಂದು ಆಯ್ತಲ್ಲ," ಎಂದ ವಸಂತ, ಯಾರನ್ನೂ ನೋಡದೆ. "ನನಗೊಂದು, ಅವನಿಗೊಂದು."

ಸೇಸಮ್ಮ ತಿರುಗಿದ ರಭಸಕ್ಕೆ ಅವನು ಒಂದು ಹೆಜ್ಜೆ ಹಿಂದೆ ಸರಿದ. "ಬಾಯಿ ಮುಚ್ಚು! ಮನೆ ಎರಡು ಮಾಡಿದ್ದು ಸಾಲದಾ ನಿನಗೆ? ಇದನ್ನೂ ಎರಡು ಮಾಡಿ ಹಿಡ್ಕೊಂಡು ಹೋಗ್ತೀರಾ?" ಮತ್ತೆ ಆಚಾರಿಯ ಕಡೆ ನೋಡಿ, "ಇದನ್ನು ಒಂದು ಮಾಡಿ. ಈಗಲೇ, ನನ್ನ ಎದುರು," ಎಂದಳು.

"ಟೀಚರಮ್ಮನ ಬೆಳ್ಳಿ?"

"ಅದು ಬೇರೆ ಮಾಡ್ಲಿಕ್ಕೆ ಆಗ್ತದಾ?"

"ಇಲ್ಲ."

"ಹಾಗಾದ್ರೆ ಇರ್ಲಿ ಅದೂ."

ಆಚಾರಿ ಬಾಗಿಲು ಅರ್ಧ ಎಳೆದರು. ಎರಡು ನಾಣ್ಯ, ಮಡಿಕೆಯ ಹರಳು, ಪುಡಿ, ಎಲ್ಲ ಮೂಸೆಗೆ ಹೋಯಿತು. ಚಿಟಿಕೆ ಬಿಳಿಗಾರ ಹಾಕಿ ಗ್ಯಾಸಿನ ಜ್ವಾಲೆ ಹಿಡಿದರು. ಬೆಳ್ಳಿ ಮೊದಲು ಬಿಸಿಯಾಗಿ ಕೆಂಪಾಯಿತು, ಆಮೇಲೆ ಕುಸಿಯಿತು, ಕೊನೆಗೆ ಒಂದೇ ಗುಂಡಗಿನ ಬಿಂದುವಾಗಿ ತಿರುಗತೊಡಗಿತು. ಸೇಸಮ್ಮ ರೆಪ್ಪೆ ಬಡಿಯದೆ ನೋಡಿದಳು. ಎರೆದು, ತಟ್ಟಿ, ಮತ್ತೆ ಕಾಸಿ, ಹುಳಿನೀರಿಗೆ ಹಾಕಿ ತೆಗೆದಾಗ ಸಿಕ್ಕಿದ ಬಿಲ್ಲೆ ಮೊದಲಿನದಕ್ಕಿಂತ ಎರಡು ಪಟ್ಟು ದಪ್ಪ ಇತ್ತು.

ಆಚಾರಿ ಕೆಳಗಿನ ಅಚ್ಚನ್ನು ಹಲಸಿನ ಮರದ ಕೊರಡಿನಲ್ಲಿ ಕೂರಿಸಿ, ಬಿಲ್ಲೆ ಇಟ್ಟು, ಮೇಲಿನ ಅಚ್ಚನ್ನು ಕೈಗೆ ತೆಗೆದುಕೊಂಡರು. ಗೇಣುದ್ದದ ಕಬ್ಬಿಣ. ಆಮೇಲೆ ಮೂಲೆಯಲ್ಲಿದ್ದ ದೊಡ್ಡ ಸುತ್ತಿಗೆಯನ್ನು ನೋಡಿ ತಲೆಯಾಡಿಸಿದರು.

"ತೆಳ್ಳಗಿನದು ನಾನೊಬ್ಬನೇ ಹೊಡೆದೆ. ಇದು ನನ್ನಿಂದ ಆಗ್ಲಿಕ್ಕಿಲ್ಲ. ಒಬ್ಬ ಹಿಡಿಯಬೇಕು, ಒಬ್ಬ ಹೊಡೆಯಬೇಕು." ವಾಲಿದ ಹೆಬ್ಬೆರಳನ್ನು ತೋರಿಸಿದರು. "ಇದು ಅಪ್ಪನ ಸುತ್ತಿಗೆಯ ಪೆಟ್ಟು. ನಾನು ಹಿಡಿದಿದ್ದೆ."

ಹರಿಪ್ರಸಾದ ಮುಂದೆ ಬಂದ. ಸೇಸಮ್ಮ ಕೈ ಅಡ್ಡ ಹಿಡಿದಳು.

"ವಸಂತ ಹಿಡೀಲಿ," ಎಂದಳು. "ನಿತೇಶ ಹೊಡೀಲಿ."

ಚಾರ್ಟಿನಲ್ಲಿ ತುಂಗಾ ಅಚ್ಚು ಹಿಡಿಯುವವನ, ಸುತ್ತಿಗೆ ಹೊಡೆಯುವವನ ಚಿತ್ರ ಬರೆದಿದ್ದಳು, ಬಣ್ಣವನ್ನೂ ಹಾಕಿದ್ದಳು. ಹಿಡಿಯುವವನ ಮುಖ ಹೇಗಿರುತ್ತದೆ ಎಂದು ಆಗ ಯೋಚಿಸಿರಲಿಲ್ಲ. ವಸಂತ ಕೊರಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈಯಲ್ಲಿ ಅಚ್ಚು ಹಿಡಿದ. ಹಣೆಯಲ್ಲಿ ಬೆವರು ಮೂಡಿತ್ತು. ನಿತೇಶ್ ಸುತ್ತಿಗೆ ಎತ್ತಿಕೊಂಡು ಅಣ್ಣನ ಬೆರಳುಗಳನ್ನು ನೋಡಿದ, ಅಣ್ಣನ ಮುಖವನ್ನು ನೋಡಿದ. ದಾರಿಗೆ ಬೀಗ ಹಾಕಿದ ಬೆರಳುಗಳು ಅವು. ಅಯ್ಯೋ, ಇದೆಲ್ಲ ನನ್ನಿಂದ, ಏನಾದರೂ ಆದರೆ ನನ್ನಿಂದಲೇ ಎಂದುಕೊಂಡಳು ತುಂಗಾ.

ಸುತ್ತಿಗೆ ಬಿತ್ತು. ಸಪ್ಪೆ ಸದ್ದಾಯಿತು.

ಆಚಾರಿ ಅಚ್ಚನ್ನು ಕೂದಲೆಳೆಯಷ್ಟು ಎತ್ತಿಸಿ ಒಳಗೆ ಇಣುಕಿದರು. "ಬೀಳ್ಲಿಲ್ಲ. ಬರೀ ನೆರಳು ಬಂದಿದೆ. ಹೆದರಿ ಹೊಡೆದದ್ದು. ಇನ್ನೊಂದು ಆಗ್ಬೇಕು, ಇದೇ ಜಾಗದಲ್ಲಿ. ಕೈ ಅಲುಗಾಡಿಸಬಾರದು."

ನಿತೇಶ್ ಸುತ್ತಿಗೆ ಕೆಳಗಿಟ್ಟ. "ನನ್ನಿಂದ ಆಗುದಿಲ್ಲ ಅಮ್ಮ. ಕೈಗೆ ತಾಗಿದ್ರೆ?" ಅಣ್ಣನ ಕಡೆ ಬೆರಳು ತೋರಿಸಿದ. "ಬೇಕೆಂದೇ ಹೊಡೆದ ಅಂತ ಹೇಳ್ತಾನೆ ಅವನು."

ವಸಂತ ಎದ್ದು ಹೋಗಬಹುದಿತ್ತು. ಅಚ್ಚು ಬಿಟ್ಟು ಕೈ ಕೊಡವಿ, ನಾಳೆ ನೋಡುವ ಎಂದು ರಿಕ್ಷಾ ಹತ್ತಬಹುದಿತ್ತು. ಅವನು ಏಳಲಿಲ್ಲ. ಬೆವರಿದ ಅಂಗೈಯನ್ನು ಒಂದೊಂದಾಗಿ ಅಂಗಿಗೆ ಒರೆಸಿಕೊಂಡು, ಅಚ್ಚನ್ನು ಇನ್ನೂ ಗಟ್ಟಿಯಾಗಿ ಹಿಡಿದ. ಮೂರು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ತಮ್ಮನನ್ನು ನೋಡಿದ.

"ಹೇಳುವುದಿಲ್ಲ," ಎಂದ. "ಹೊಡಿ ಮಾರಾಯ. ನಾನು ಹಿಡ್ದಿದ್ದೇನೆ."

ನಿತೇಶ್ ಸುತ್ತಿಗೆಯನ್ನು ತಲೆಯ ಮೇಲಕ್ಕೆತ್ತಿ, ಇದ್ದ ಬಲವೆಲ್ಲ ಹಾಕಿ ಹೊಡೆದ.

ಸದ್ದಿಗೆ ಓಣಿಯ ಕಾಗೆಗಳು ಎದ್ದವು. ವಸಂತನ ಹತ್ತೂ ಬೆರಳು ಹಾಗೆಯೇ ಇದ್ದವು. ಆಚಾರಿ ನಾಣ್ಯವನ್ನು ಚಿಮಟದಲ್ಲಿ ಎತ್ತಿ ತುಂಗಾಳ ಮುಂದೆ ಹಿಡಿದರು. ಬರಹ ಆಳವಾಗಿ ಬಿದ್ದಿತ್ತು, ಆದರೆ ಒಂದೊಂದು ಗೆರೆಯ ಪಕ್ಕದಲ್ಲೂ ಅದೇ ಗೆರೆಯ ನೆರಳು. ಹಿಡಿದವನ ಕೈ ನಡುಗಿದರೆ ಹೀಗಾಗುತ್ತದೆ ಎಂದು ಅವಳೇ ಚಾರ್ಟಿನಲ್ಲಿ ಬರೆದಿದ್ದಳು.

ಸೇಸಮ್ಮ ಅದನ್ನು ಅಂಗೈಗೆ ತೆಗೆದುಕೊಂಡು, ಅಲ್ಲೇ ಇದ್ದ ಎಣ್ಣೆಯ ಕುಪ್ಪಿಯಿಂದ ಒಂದು ಹನಿ ಹಾಕಿ, ಹೆಬ್ಬೆರಳಿನಿಂದ ತಿಕ್ಕತೊಡಗಿದಳು.

"ನಾಳೆ ಹನ್ನೊಂದು ಗಂಟೆಗೆ ಟೀಚರೇ," ಎಂದಳು, ತಿಕ್ಕುತ್ತಲೇ. "ನಿಮ್ಮದೂ ಇದರಲ್ಲಿ ಉಂಟಲ್ಲ, ಈ ವರ್ಷ ಅಂತಲ್ಲ, ಇನ್ನು ಪ್ರತಿ ವರ್ಷ ಬರ್ಬೇಕು. ರಿಕ್ಷಾ ಅಂಗಳದವರೆಗೆ ಬರ್ತದೆ." ಆಮೇಲೆ ದೊಡ್ಡ ಮಗನ ಕಡೆ ನೋಡಿದಳು. "ಬರ್ತದಲ್ಲ?"

ವಸಂತ ಸೊಂಟದ ಕೀಲಿಗೊಂಚಲಿನಿಂದ ದಾರಿಯ ಬೀಗದ ಕೀಲಿ ಬಿಡಿಸಲು ನೋಡಿದ. ಪೆಟ್ಟಿಗೆ ಜೋಮು ಹಿಡಿದ ಬೆರಳಿನಿಂದ ಆಗಲಿಲ್ಲ. ನಿತೇಶ್ ಅದನ್ನು ಅವನ ಕೈಯಿಂದ ತೆಗೆದುಕೊಂಡು ಬಿಡಿಸಿದ.